ರಿಟರ್ನ್ ಮೊದಲು, ಬ್ರೇಕ್ ಆಮೇಲೆ: ಸಂಜೆ ತರಗತಿಯ ನನ್ನ ಅನುಭವ

ಉಡುಪಿಯ ಕುಂಜಿಬೆಟ್ಟಿನಲ್ಲಿ ನಾನು ನಡೆಸುವ ಪ್ರೋಗ್ರಾಮಿಂಗ್ ಸಂಜೆ ತರಗತಿಯಲ್ಲಿ ಈಗ ಫಂಕ್ಷನ್ (ಒಂದು ಕೆಲಸಕ್ಕೆಂದು ಹೆಸರಿಟ್ಟ ಪ್ರೋಗ್ರಾಂ ತುಂಡು) ಮತ್ತು ಅದರಿಂದ ಉತ್ತರದೊಡನೆ ಹೊರಬರುವ ರಿಟರ್ನ್ ಪಾಠ ಎರಡನೆಯ ವಾರದಲ್ಲಿಯೇ ಬರುತ್ತದೆ. ಲೂಪಿನಿಂದ, ಅಂದರೆ ಮತ್ತೆ ಮತ್ತೆ ನಡೆಯುವ ಸಾಲುಗಳಿಂದ, ನಡುವೆಯೇ ಹೊರಬರುವ ಬ್ರೇಕ್ ಪಾಠವೇನಿದ್ದರೂ ಅದರ ನಂತರ. ಪಠ್ಯಕ್ರಮವನ್ನು ಹೀಗೆ ಹಿಂದುಮುಂದು ಮಾಡಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆಂದು ಎಚ್ಚರಿಸಿದ್ದ ಉಪನ್ಯಾಸಕ ಮಿತ್ರರೇ, ಕಳೆದ ಎರಡು ಬ್ಯಾಚುಗಳನ್ನು ಕಂಡ ಮೇಲೆ, ನನ್ನ ಅಭ್ಯಾಸದ ಹಾಳೆಗಳನ್ನು ಕೇಳತೊಡಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ತೊಡಕು ಕಲಿಸುವವರಿಗೆಲ್ಲ ಗೊತ್ತಿರುವುದೇ. ಹೊರಬರಲು ಬ್ರೇಕ್ ಎಂದು ಒಮ್ಮೆ ಕೇಳಿಸಿಕೊಂಡ ವಿದ್ಯಾರ್ಥಿ, ಷರತ್ತು ನೋಡುವ ಇಫ್‌ನಿಂದ ಹೊರಬರಲೂ ಅದನ್ನೇ ಬರೆಯುತ್ತಾನೆ. ಸುತ್ತ ಲೂಪೇ ಇಲ್ಲದಿದ್ದರೆ ಪೈಥಾನ್ ಭಾಷೆ ಕೂಡಲೇ ದೋಷ ತೋರಿಸುತ್ತದೆ, ಅಲ್ಲಿಗೆ ಅದು ಮುಗಿಯಿತು. ಕಾಡುವುದು ಸಿ ಭಾಷೆಯ ಮೆನು ಪ್ರೋಗ್ರಾಂ. ವೈಲ್ ಎಂಬ ಲೂಪಿನೊಳಗೆ, ಒತ್ತಿದ ಸಂಖ್ಯೆಗೆ ತಕ್ಕ ಭಾಗವನ್ನು (ಕೇಸನ್ನು) ಆರಿಸುವ ಸ್ವಿಚ್ ಇಟ್ಟು, ಮುಗಿಸಲು ನಾಲ್ಕು ಒತ್ತಿ ಎಂದು ಬರೆದು, ಆ ಕೇಸಿನಲ್ಲಿ ಬ್ರೇಕ್ ಹಾಕಿದರೆ ಅದು ಸ್ವಿಚ್ಚನ್ನಷ್ಟೇ ಬಿಡುತ್ತದೆ, ಮೆನು ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಇದು ಕಲಿಯುವವರ ತೊಡಕು ಮಾತ್ರವೂ ಅಲ್ಲ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯ ದೂರ ಕರೆಗಳ ಜಾಲ ಸುಮಾರು 9 ಗಂಟೆ ಕಾಲ ಕೆಟ್ಟು ಕುಳಿತದ್ದಕ್ಕೆ, ಸಿ ಪ್ರೋಗ್ರಾಮೊಂದರಲ್ಲಿ ಸ್ವಿಚ್ಚಿನೊಳಗಿನ ಇಫ್‌ನಲ್ಲಿ ಸಲ್ಲದ ಕಡೆ ಕುಳಿತಿದ್ದ ಬ್ರೇಕ್ ಕಾರಣವಾಗಿತ್ತು.

ಮೊದಲು ಫ್ಲೋಚಾರ್ಟ್ ಹಿಡಿದೆ. ಬಣ್ಣದ ಬಾಣಗಳಿರುವ ದೊಡ್ಡ ಫ್ಲೆಕ್ಸುಗಳನ್ನು ಮಂಗಳೂರಿನಲ್ಲಿ ಮುದ್ರಿಸಿ ತರಲು ನಾಲ್ಕು ಸಾವಿರದಷ್ಟು ಖರ್ಚಾಯಿತು. ಅವುಗಳಲ್ಲೊಂದು ಈಗ ಮಳೆಗಾಲದಲ್ಲಿ ಸ್ಕೂಟರಿನ ಹೊದಿಕೆಯಾಗಿದೆ. ಆಮೇಲೆ ಹಿರಿಯರ ಸಲಹೆಯಂತೆ ಲೂಪು ನಿಲ್ಲಬೇಕೇ ಬೇಡವೇ ಎಂಬುದನ್ನು ನೆನಪಿಡುವ ಫ್ಲ್ಯಾಗ್ ವೇರಿಯಬಲ್ ಕಲಿಸಿದೆ. ಒಂದು ಲೂಪಿಗೆ ಅದು ಹೇಗೋ ನಡೆಯಿತು, ಆದರೆ ಲೂಪಿನೊಳಗೆ ಲೂಪು ಬಂದಾಗ ಫ್ಲ್ಯಾಗುಗಳೂ ಎರಡಾಗಿ, ಯಾವುದನ್ನು ಎಲ್ಲಿ ಬದಲಾಯಿಸಬೇಕೆಂಬುದೇ ಲೆಕ್ಕಕ್ಕಿಂತ ದೊಡ್ಡ ತಲೆನೋವಾಯಿತು. ಅದೇ ಬ್ಯಾಚಿನಲ್ಲಿ ಉಳಿದ ಸಾಲುಗಳನ್ನು ಬಿಟ್ಟು ಲೂಪಿನ ಮುಂದಿನ ಸುತ್ತಿಗೆ ಹೋಗುವ ಕಂಟಿನ್ಯೂ ಸಹ ಹೇಳಿಕೊಟ್ಟಿದ್ದೆ. ವೈಲ್ ಲೂಪಿನಲ್ಲಿ ಎಣಿಕೆ ಹೆಚ್ಚಿಸುವ ಸಾಲಿಗಿಂತ ಮೇಲೆ ಕಂಟಿನ್ಯೂ ಬಂದರೆ ಎಣಿಕೆ ಹೆಚ್ಚುವುದೇ ಇಲ್ಲ, ಲೂಪು ಮುಗಿಯುವುದೂ ಇಲ್ಲ. ನನ್ನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರುಗಳು ಒಂದಾದ ಮೇಲೊಂದು ಸ್ತಬ್ಧವಾದವು. ಅರ್ಧದಷ್ಟು ವಿದ್ಯಾರ್ಥಿಗಳು ಬಿಟ್ಟುಹೋದರು; ಹದಿನೈದು ಸಾವಿರದ ಆಸುಪಾಸಿನಲ್ಲಿ ಶುಲ್ಕ ಮರಳಿಸಬೇಕಾಯಿತು.

ಕೊನೆಗೆ ಫಲ ಕೊಟ್ಟದ್ದು ಮಲ್ಪೆ ಬಂದರಿನ ಲೆಕ್ಕ. ಬಂಗುಡೆ ಬುಟ್ಟಿಗಳ ದರಪಟ್ಟಿಯನ್ನು ಒಂದು ಫಂಕ್ಷನ್ನಿಗೆ ಕೊಟ್ಟು, ನಾವು ಹೇಳಿದ ಬೆಲೆಗಿಂತ ಕಡಿಮೆಯ ಮೊದಲ ಬುಟ್ಟಿ ಸಿಕ್ಕಿದ ಕೂಡಲೇ ಅದನ್ನು ರಿಟರ್ನ್ ಮಾಡಿಸುತ್ತೇನೆ. ಮುಂದಿನ ಹಾಳೆಯಲ್ಲಿ ಹಲವು ಬೋಟುಗಳು, ಪ್ರತಿ ಬೋಟಿನಲ್ಲಿ ಹಲವು ಬುಟ್ಟಿಗಳು. ಇಲ್ಲಿ ಬ್ರೇಕ್ ಒಳಗಿನ ಲೂಪನ್ನು ಮಾತ್ರ ಬಿಡುತ್ತದೆ, ರಿಟರ್ನ್ ಎರಡನ್ನೂ ಒಟ್ಟಿಗೆ ಬಿಡುತ್ತದೆ. ಇಫ್‌ನಿಂದ ಹೊರಬರುವ ಪ್ರಶ್ನೆಗೂ ಇದೇ ಉತ್ತರ: ದರ ಸೊನ್ನೆಗಿಂತ ಕಡಿಮೆಯಿದ್ದರೆ, ಪಟ್ಟಿ ಖಾಲಿಯಿದ್ದರೆ, ಫಂಕ್ಷನ್ನಿನ ಆರಂಭದಲ್ಲಿಯೇ ರಿಟರ್ನ್. ಒಂದರೊಳಗೊಂದು ನಾಲ್ಕು ಇಫ್‌ಗಳಿದ್ದ ಪ್ರೋಗ್ರಾಂ ಇದರಿಂದ ಮೇಲಿನಿಂದ ಕೆಳಕ್ಕೆ ನೇರವಾಗಿ ಓದಿಸಿಕೊಳ್ಳುತ್ತದೆ. ಸಿ ಭಾಷೆಯ ಮೆನುವನ್ನೂ ಪ್ರತ್ಯೇಕ ಫಂಕ್ಷನ್ ಮಾಡಿ, ನಾಲ್ಕನೆಯ ಕೇಸಿನಲ್ಲಿ ರಿಟರ್ನ್ ಬರೆಸಿದ ಮೇಲೆ ಆ ಕಾಟ ತಪ್ಪಿತು. ಬ್ರೇಕ್ ಬರುವುದು ಆಮೇಲೆ, ಸೊನ್ನೆ ಒತ್ತುವವರೆಗೆ ದರ ಕೇಳುತ್ತಲೇ ಇರುವ ಲೂಪಿನಲ್ಲಿ. ಹಾಳೆಗಳ ಕ್ರಮವನ್ನೂ ಎರಡನೆಯ ಹಾಳೆ ಕೊಡುವ ಮುನ್ನ ನಾನು ಕೇಳುವ ಪ್ರಶ್ನೆಯನ್ನೂ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಫಂಕ್ಷನ್ನಿಗೆ ಹೊರಬಾಗಿಲು ಒಂದೇ ಇರಬೇಕೆಂದು ವಾದಿಸಿದವರೂ ಇದ್ದರು. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಪ್ರಕಟಿಸಿದ ಪ್ರಸಿದ್ಧ ಪತ್ರ ಪ್ರೋಗ್ರಾಮಿನ ಬೇರೆ ಸಾಲಿಗೆ ನೇರವಾಗಿ ಜಿಗಿಸುವ ಗೋಟೂ ವಿರುದ್ಧವಾಗಿತ್ತೇ ಹೊರತು ರಿಟರ್ನಿನ ವಿರುದ್ಧವಲ್ಲವೆಂದೂ, ಲೂಪಿನ ನಡುವಿನಿಂದ ಹೊರಬರಬೇಕಾದ ಸಂದರ್ಭಗಳನ್ನು ಇನ್ನೊಬ್ಬ ವಿಜ್ಞಾನಿ ಡೊನಾಲ್ಡ್ ಕ್ನೂತ್ 1974ರಷ್ಟು ಹಿಂದೆಯೇ ವಿವರವಾಗಿ ಚರ್ಚಿಸಿದ್ದಾರೆಂದೂ ಅವರಿಗೆ ಹೇಳಿದೆ. ಅವರು ಒಪ್ಪಿದ್ದು ಅದರಿಂದಲ್ಲ, ಮಕ್ಕಳ ಪ್ರೋಗ್ರಾಮುಗಳನ್ನು ಓದಿದ ಮೇಲೆ.

ನಡುವೆ ಜಾವಾ ಭಾಷೆಯ ಲೇಬಲ್ ಇರುವ ಬ್ರೇಕನ್ನೂ ಪರೀಕ್ಷಿಸಿದೆ. ಹೊರಗಿನ ಲೂಪಿಗೆ ಹೆಸರಿಟ್ಟು ಅದನ್ನೇ ಬಿಡುವ ಸೌಲಭ್ಯ ಎಲ್ಲರಿಗೂ ಹಿಡಿಸಿತು, ಆದರೆ ಪೈಥಾನಿನಲ್ಲಿ ಅದಿಲ್ಲ. ಸೇರಿಸಬೇಕೆಂಬ ಪ್ರಸ್ತಾವವನ್ನು 2007ರಲ್ಲಿ ಪೈಥಾನಿನ ಕರ್ತೃ ಗೀಡೊ ವಾನ್ ರಾಸಮ್ ತಿರಸ್ಕರಿಸಿದ್ದರು. ಪೈಥಾನಿನ ಫಾರ್ ಲೂಪಿಗೆ ಎಲ್ಸ್ ಜೋಡಿಸುವುದನ್ನೂ ಕಲಿಸಿ ನೋಡಿದೆ. ಬ್ರೇಕ್ ಆಗದೆ ಲೂಪು ಮುಗಿದರೆ ಮಾತ್ರ ಆ ಎಲ್ಸ್ ನಡೆಯುತ್ತದೆಂದು ಎಷ್ಟು ಹೇಳಿದರೂ, ಲೂಪು ಒಮ್ಮೆಯೂ ಓಡದಿದ್ದಾಗಷ್ಟೇ ನಡೆಯುವುದೆಂದು ಬರೆದವರೇ ಹೆಚ್ಚು. ಅದನ್ನು ಕೈಬಿಟ್ಟೆ.

ಹಾಳೆಗಳ ಜೆರಾಕ್ಸಿಗೆ ಈಗ ಒಬ್ಬರಿಗೆ ಅರುವತ್ತು ರೂಪಾಯಿಯ ಹಾಗೆ ತಗಲುತ್ತದೆ, ಮತ್ತು ಕಳೆದ ಎರಡು ಬ್ಯಾಚುಗಳಲ್ಲಿ ಯಾರಿಗೂ ಶುಲ್ಕ ಮರಳಿಸುವ ಪ್ರಸಂಗ ಬಂದಿಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ಫ್ಲ್ಯಾಗ್ ಬಳಸಿಯೇ ಬರೆಯಬೇಕೆನ್ನುವ ಮೌಲ್ಯಮಾಪಕರು ಇನ್ನೂ ಇರುವುದರಿಂದ, ಅದನ್ನು ಕೊನೆಯ ವಾರದಲ್ಲಿ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸುತ್ತೇನೆ. ರಿಟರ್ನ್ ಕಲಿತವರಿಗೆ ಅಷ್ಟು ಹೊತ್ತು ಸಾಕಾಗುತ್ತದೆ.