ಕಿವಿಯಲ್ಲಿ ಗುಂಯ್ ಅನ್ನುವಾಗ ನಿದ್ದೆ ಮಾಡುವುದು ಹೇಗೆ

ಶಿಡ್ಲಘಟ್ಟದಲ್ಲಿ 22 ವರ್ಷ ರೇಷ್ಮೆ ಹುರಿ ಮಿಷನ್ ನಡೆಸಿದವನು ನಾನು. ಮಿಷನ್ ನಿಂತರೂ ಕಿವಿಯಲ್ಲಿ ಗುಂಯ್ ನಿಲ್ಲಲಿಲ್ಲ.

ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ಕೆಲವರಿಗೆ ಗುಗ್ಗೆ ತೆಗೆದರೇ ಸರಿಹೋಗುತ್ತದೆ. ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ ಅವತ್ತೇ ಹೋಗಿ. ಬಿಸಿ ಎಣ್ಣೆ ಬಿಡಲೇಬೇಡಿ.

ರಾತ್ರಿಯೇ ಕಷ್ಟ ಜಾಸ್ತಿ, ಅಲ್ವಾ? ಸುತ್ತ ಸದ್ದಿಲ್ಲದಿದ್ದಾಗ ಗುಂಯ್ ಎದ್ದು ಕೇಳುತ್ತದೆ. ನಾನು ಟೇಬಲ್ ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಒಂದರಲ್ಲಿ ಇಡುತ್ತೇನೆ. ಗಾಳಿ ಮೈಗೆ ಬೀಳುವುದಿಲ್ಲ, ಸದ್ದು ಮಾತ್ರ ಇರುತ್ತದೆ. ಅದು ಗುಂಯ್‌ಗಿಂತ ಸ್ವಲ್ಪ ಕಡಿಮೆಯೇ ಇರಲಿ. ಎರಡೂ ಕೇಳುತ್ತಿದ್ದರೆ ಮನಸ್ಸು ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ. ಸುಮ್ನೆ ಕತ್ತಲಲ್ಲಿ ಅದನ್ನೇ ಹುಡುಕುತ್ತಾ ಮಲಗಬೇಡಿ. ನನಗೆ ಆರೇಳು ತಿಂಗಳು ಬೇಕಾಯಿತು.

ಈಗ ಮಿಷನ್ ಹತ್ತಿರ ನಿಲ್ಲುವ ಹುಡುಗರಿಗೆಲ್ಲ ಇಯರ್‌ಪ್ಲಗ್ ಕೊಡಿಸಿದ್ದೇನೆ. ಹತ್ತಿ ಸಾಲದು.