ಗುನ್ಮಾದ ಆಕಾಶದಲ್ಲಿ ಇನ್ನೂ ಹೊಸ ಕ್ಷುದ್ರಗ್ರಹ ಸಿಗುತ್ತೆ

ಜಪಾನಿನ ಹವ್ಯಾಸಿ ಖಗೋಳವೀಕ್ಷಕ ತಕಾವೊ ಕೊಬಯಾಶಿ ಗುನ್ಮಾ ಪ್ರಾಂತ್ಯದ ಓಯಿಜುಮಿಯಲ್ಲಿ ಕೂತು, 25 ಸೆಂ.ಮೀ. ಕನ್ನಡಿಯ ಟೆಲಿಸ್ಕೋಪಿನಲ್ಲಿ 2,400ಕ್ಕೂ ಜಾಸ್ತಿ ಕ್ಷುದ್ರಗ್ರಹ ಹಿಡಿದವರು. ಅದು 1991ರಿಂದ 2002ರವರೆಗಿನ ಲೆಕ್ಕ. ನಾನು ಕೆಲಸಕ್ಕೆಂದು ಬಂದು ನೆಲೆಸಿರುವುದು ಪಕ್ಕದ ಓತಾದಲ್ಲಿ. ಅದೇ ಅಳತೆಯ ಹಳೇ ಟೆಲಿಸ್ಕೋಪ್ ಮನೆಗೆ ತಂದಾಗ ಇಲ್ಲಿನ ಹಿರಿಯ ಹವ್ಯಾಸಿಗಳು ನಕ್ಕರು. 'ಆ ಕಾಲ ಮುಗೀತು. 1998ಕ್ಕೆ ಲೀನಿಯರ್ ಬಂತು, ಆಮೇಲೆ ಪ್ಯಾನ್-ಸ್ಟಾರ್ಸ್, ಎಲ್ಲ ಆಕಾಶ ತಾವೇ ಜಾಲಾಡುವ ದೊಡ್ಡ ಸರ್ವೇಗಳು. ನಮಗೆ ಏನೂ ಉಳಿದಿಲ್ಲ' ಅಂದರು.

ಅವರ ಮಾತು ಅರ್ಧ ನಿಜ. ಊರಿನ ದೀಪಗಳ ನಡುವೆ ಒಂದು ಫ್ರೇಮಿಗೆ 18ನೇ ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ಏರಿದಷ್ಟೂ ಮಂಕು) ಸಿಕ್ಕರೆ ಪುಣ್ಯ. ಮೂರು ಫ್ರೇಮ್ ಬ್ಲಿಂಕ್ ಮಾಡಿ, ಅಂದರೆ ಒಂದರ ಹಿಂದೊಂದು ಬದಲಾಯಿಸಿ ನೋಡಿದರೆ, ಓಡಾಡುವುದೆಲ್ಲ ಆಗಲೇ ಪಟ್ಟಿಯಲ್ಲಿ ನಂಬರ್ ಬಿದ್ದ ಹಳೇ ಗಿರಾಕಿಗಳೇ. ಮೊದಲ ಚಳಿಗಾಲ ಪೂರ್ತಿ ಹೀಗೇ ಹೋಯಿತು. ಮೇಲಿಂದ ಇಲ್ಲಿನ ಒಣಗಾಳಿ, ಕರಕ್ಕಜೆ. ಆಕಾಶ ಗಾಜಿನ ಹಾಗೆ ತಿಳಿಯಾಗಿರುತ್ತೆ, ಟ್ಯೂಬ್ ಮಾತ್ರ ನಿಲ್ಲಲ್ಲ. ಟ್ಯೂಬ್ ಹೊತ್ತು ತಿರುಗಿಸುವ ಹೊಸ ಮೌಂಟಿಗೆ ಮೂರು ಲಕ್ಷ ಯೆನ್ ಸುರಿದೆ, ಆದರೂ ನಕ್ಷತ್ರಗಳು ಉದ್ದುದ್ದ. ಕೊನೆಗೆ ಇಪ್ಪತ್ತು ಸಾವಿರದೊಳಗೆ ಎದ್ದ ಪ್ಲೈವುಡ್ ಗೋಡೆ ಗಾಳಿ ತಡೆದು ಆ ಕೆಲಸ ಮಾಡಿತು.

ದಾರಿ ತೆರೆದದ್ದು ಸಿಂಥೆಟಿಕ್ ಟ್ರ್ಯಾಕಿಂಗ್, ಅಂದರೆ ಕಲ್ಲು ಓಡುವ ವೇಗಕ್ಕೆ ತಕ್ಕಂತೆ ಫ್ರೇಮ್‌ಗಳನ್ನು ಸರಿಸಿ ಒಂದರ ಮೇಲೊಂದು ಕೂಡಿಸೋದು. ಒಂದೇ ಜಾಗ, ಒಂದೊಂದು ನಿಮಿಷದ ಸುಮಾರು 90 ಫ್ರೇಮ್. ಆಪೊಸಿಷನ್ನಿನಲ್ಲಿರುವ, ಅಂದರೆ ಆಕಾಶದಲ್ಲಿ ಸೂರ್ಯನಿಗೆ ಎದುರಿಗಿರುವ, ಮೇನ್ ಬೆಲ್ಟ್ (ಮಂಗಳ-ಗುರು ನಡುವಿನ ಪಟ್ಟಿ) ಕಲ್ಲು ನಿಮಿಷಕ್ಕೆ ಅರ್ಧ ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಪಾಲು) ಸರಿಯುತ್ತೆ, ಸುಮ್ನೆ ಸ್ಟ್ಯಾಕ್ ಮಾಡಿದರೆ ಅಳಿಸಿಹೋಗುತ್ತೆ. ಹಾಗಾಗಿ ಎಲ್ಲ ವೇಗ, ಎಲ್ಲ ದಿಕ್ಕು ಹಾಕಿ ಕಂಪ್ಯೂಟರ್ ತಾನೇ ಹುಡುಕಬೇಕು. ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿಗೆ ಅರವತ್ತು ಸಾವಿರದ ಆಸುಪಾಸು ಆಯಿತು. ಜನವರಿಯಲ್ಲೂ ಆ ರೂಮಿಗೆ ಹೀಟರ್ ಬೇಕಾಗಲಿಲ್ಲ!

ಮೊದಲಿಗೆ ರಾಶಿ ರಾಶಿ 'ಹೊಸ' ಚುಕ್ಕೆಗಳು ಬಂದವು. ಎಲ್ಲ ಹಾಟ್ ಪಿಕ್ಸೆಲ್, ಕ್ಯಾಮೆರಾದಲ್ಲೇ ಸುಮ್ನೆ ಹೊಳೆಯುವ ಚುಕ್ಕೆಗಳು. ಟ್ರ್ಯಾಕಿಂಗ್ ನಿಧಾನಕ್ಕೆ ಜಾರಿದರೆ ಅವೂ ಸಾಲಾಗಿ ನಡೆಯುತ್ತವೆ. ಡಿದರಿಂಗ್ ಹಾಕಿದ ಮೇಲೆ, ಅಂದರೆ ಫ್ರೇಮುಗಳ ನಡುವೆ ಟೆಲಿಸ್ಕೋಪನ್ನು ಅಡ್ಡಾದಿಡ್ಡಿ ಚೂರು ಸರಿಸಿದ ಮೇಲೆ, ಗಲಾಟೆ ಕಡಿಮೆಯಾಯಿತು. ಈಗ 90 ಫ್ರೇಮನ್ನು ಮೂರು ಪಾಲು ಮಾಡುತ್ತೇನೆ. ಮೂರರಲ್ಲೂ ಚುಕ್ಕೆ ಇರಬೇಕು, ನಡುವಿನ ದೂರ ಸಮ ಇರಬೇಕು. ಒಂದರಲ್ಲಿ ಮಂಕಾಗಿದ್ದರೂ ಕೈಬಿಡುತ್ತೇನೆ. ಯಾವ ರಾತ್ರಿ ಯಾವ ಜಾಗಕ್ಕೆ ಟೆಲಿಸ್ಕೋಪ್ ತಿರುಗಿಸುತ್ತೇನೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ದೊಡ್ಡ ಸರ್ವೇಗಳ ವೇಳಾಪಟ್ಟಿ ಗಮನಿಸುವವರಿಗೆ ತಾನೇ ಹೊಳೆಯುತ್ತೆ.

ಮಧ್ಯೆ ದಾರಿ ತಪ್ಪಿ ಕ್ಲಿಯೋಪಾತ್ರಾ ಅನ್ನುವ ಹಳೇ ಕ್ಷುದ್ರಗ್ರಹದ ಬೆಳಕಿನ ಏರಿಳಿತ ಅಳೆದೆ. ಸುಮಾರು 5.4 ಗಂಟೆಗೆ ಒಂದು ಸುತ್ತು, ಪುಸ್ತಕದಲ್ಲಿದ್ದ ಹಾಗೇ ಬಂತು. ಹೊಸದೇನಿಲ್ಲ. ಆದರೂ ನಾಯಿಗೆ ಹಾಕುವ ಮೂಳೆಯ ಆಕಾರದ ಆ ಕಲ್ಲು ತಿರುಗೋದನ್ನು ಗ್ರಾಫಿನಲ್ಲಿ ನೋಡೋದು ಮಜಾ, ಅಲ್ವಾ?

ಕಳೆದ ಚಳಿಗಾಲ 20.5 ಮ್ಯಾಗ್ನಿಟ್ಯೂಡಿನ ಒಂದು ಚುಕ್ಕೆ ಪಟ್ಟಿಯಲ್ಲಿರುವ ಯಾವುದಕ್ಕೂ ಹೊಂದಲಿಲ್ಲ. ಇನ್ನೊಂದು ರಾತ್ರಿಯೂ ಸಿಕ್ಕಿತು. ಕ್ಷುದ್ರಗ್ರಹಗಳ ಲೆಕ್ಕ ಇಡುವ ಮೈನರ್ ಪ್ಲಾನೆಟ್ ಸೆಂಟರಿಗೆ ಕಳಿಸಿದೆ, ತಾತ್ಕಾಲಿಕ ಹೆಸರು ಬಂತು. ಆಮೇಲೆ ಇನ್ನೆರಡು. ಒಂದು ಹಳೇ ಸರ್ವೇ ನೋಡಿದ್ದ ಕಲ್ಲಿನ ಜೊತೆ ಸೇರಿಕೊಂಡು ಕೈತಪ್ಪಿತು, ಉಳಿದವು ಸದ್ಯಕ್ಕೆ ನನ್ನವೇ. ನಂಬರ್ ಬೀಳೋಕೆ ಇನ್ನೂ ಕೆಲವು ಆಪೊಸಿಷನ್ ದಾಟಬೇಕು, ಹೆಸರಿಡೋದು ಆಮೇಲೆ. 1978ರಲ್ಲಿ ತಾಕೇಶಿ ಉರಾತ ಕಂಡುಹಿಡಿದ 2090 ನಂಬರಿನ ಕ್ಷುದ್ರಗ್ರಹಕ್ಕೆ ಅವರ ಮಗಳ ಹೆಸರು ಸಿಕ್ಕಿತು, ಮಿಜುಹೊ. ನಮ್ಮ ಮನೆಯಲ್ಲಿ ಹೆಸರಿನ ಜಗಳ ಈಗಲೇ ಶುರುವಾಗಿದೆ.

ನಕ್ಕವರಲ್ಲಿ ಇಬ್ಬರು ಈಗ ಅದೇ ಕಾರ್ಡ್ ಕೊಂಡಿದ್ದಾರೆ. ಜೂನ್ ಮಳೆ ಶುರುವಾದರೆ ಇಲ್ಲಿ ಕೆಲಸ ಬಂದ್. ಆಮೇಲೂ ಆಪೊಸಿಷನ್ ಜಾಗ ಧನು ರಾಶಿಯಲ್ಲಿ, ತೀರಾ ಕೆಳಗೆ, ನಕ್ಷತ್ರಗಳ ಸಂತೆಯಲ್ಲಿ. ಆ ಬಿಡುವಿನಲ್ಲಿ ಕನ್ನಡಿಗೆ ಹೊಸ ಲೇಪನ ಹಾಕಿಸಬೇಕು, ಮೂವತ್ತು ನಲವತ್ತು ಸಾವಿರ ಯೆನ್ ಅಂತೂ ಖರ್ಚಿದೆ.