ಹೊಸ ಟೆಸ್ಟನ್ನು ಅಳೆಯುವಾಗ ನಾನು ಅನುಸರಿಸುವ ಕ್ರಮ

ಕಾಯಿಲೆ ಪತ್ತೆಹಚ್ಚುವ ಟೆಸ್ಟ್ ಒಂದರ ನಿಖರತೆಯ ಲೆಕ್ಕ ನಾಲ್ಕು ಮನೆಯ ಕೋಷ್ಟಕದಲ್ಲಿ (ಕಾಯಿಲೆ ಇದೆ/ಇಲ್ಲ, ಟೆಸ್ಟ್ ಪಾಸಿಟಿವ್/ನೆಗೆಟಿವ್) ಮುಗಿದುಹೋಗುತ್ತದೆ. ಆ ಮನೆಗಳಿಗೆ ಯಾರು ಬರಬೇಕು ಎಂದು ನಿರ್ಧರಿಸುವುದರಲ್ಲೇ ನನ್ನ ಹೆಚ್ಚಿನ ಸಮಯ ಹೋಗುತ್ತದೆ.

ಕಾಯಿಲೆ ಬಲಿತವರನ್ನು ಒಂದು ಕಡೆ, ಪೂರ್ತಿ ಆರೋಗ್ಯವಂತರನ್ನು ಇನ್ನೊಂದು ಕಡೆ ಇಟ್ಟರೆ ಸಾಧಾರಣ ಟೆಸ್ಟ್ ಕೂಡ ಅದ್ಭುತವಾಗಿ ಕಾಣುತ್ತದೆ. ಹಾಗಾಗಿ ಆ ಕಾಯಿಲೆಯ ಅನುಮಾನದಿಂದ ಬಂದವರನ್ನೆಲ್ಲ ಬಂದ ಸರದಿಯಲ್ಲೇ ಸೇರಿಸುತ್ತೇನೆ. ಕಟ್-ಆಫ್ (ಪಾಸಿಟಿವ್, ನೆಗೆಟಿವ್ ಎಂದು ಬೇರ್ಪಡಿಸುವ ಗಡಿ) ಎಷ್ಟು ಎಂಬುದನ್ನು ಮೊದಲೇ ಬರೆದಿಡುತ್ತೇನೆ. ಫಲಿತಾಂಶ ನೋಡಿ ಕಟ್-ಆಫ್ ಆರಿಸಿದರೆ ಅದೇ ನಿಖರತೆ ಬೇರೆ ರೋಗಿಗಳಲ್ಲಿ ಸಿಗುವುದು ಕಷ್ಟ. ಕಾಯಿಲೆ ನಿಜವಾಗಿ ಇದೆಯೇ ಎಂದು ಖಚಿತಪಡಿಸಲು ಮಾಡುವ ಬಯಾಪ್ಸಿ (ಅಂಗಾಂಶದ ತುಣುಕಿನ ಪರೀಕ್ಷೆ) ಓದುವವರಿಗೆ ಹೊಸ ಟೆಸ್ಟಿನ ಫಲಿತಾಂಶ ಗೊತ್ತಿರಬಾರದು, ಟೆಸ್ಟ್ ಓದುವವರಿಗೆ ಬಯಾಪ್ಸಿಯದು ಗೊತ್ತಿರಬಾರದು.

ಹೆಚ್ಚು ಹಾಳಾಗುವುದು ಮುಂದಿನ ಹಂತದಲ್ಲಿ. ಪಾಸಿಟಿವ್ ಬಂದವರಿಗೆಲ್ಲ ಬಯಾಪ್ಸಿ ಆಗುತ್ತದೆ, ನೆಗೆಟಿವ್ ಬಂದವರಲ್ಲಿ ಕೆಲವರಿಗೆ ಮಾತ್ರ. 1000 ಜನರಲ್ಲಿ 120 ಮಂದಿಗೆ ನಿಜವಾಗಿ ಕಾಯಿಲೆ ಇದೆ ಎನ್ನೋಣ. ಪಾಸಿಟಿವ್ ಬಂದವರು 200, ಅವರಲ್ಲಿ ರೋಗಿಗಳು 90. ನೆಗೆಟಿವ್ ಬಂದ 800 ಜನರಲ್ಲಿ ಉಳಿದ 30 ರೋಗಿಗಳು ಸೇರಿಕೊಂಡಿದ್ದಾರೆ. ನಿಜವಾದ ಸೆನ್ಸಿಟಿವಿಟಿ (ರೋಗಿಗಳಲ್ಲಿ ಟೆಸ್ಟ್ ಹಿಡಿದವರ ಪಾಲು) 90/120, ಅಂದರೆ ಶೇ. 75. ನೆಗೆಟಿವ್‌ಗಳಲ್ಲಿ ಹತ್ತರಲ್ಲೊಬ್ಬರನ್ನು ಮಾತ್ರ ಪರಿಶೀಲಿಸಿದರೆ ತಪ್ಪಿಸಿಕೊಂಡವರಲ್ಲಿ ಸುಮಾರು 3 ಮಂದಿ ಮಾತ್ರ ಕಣ್ಣಿಗೆ ಬೀಳುತ್ತಾರೆ. ಆಗ ಲೆಕ್ಕ 90/93, ಸುಮಾರು ಶೇ. 97! ಅತ್ತ ಸ್ಪೆಸಿಫಿಸಿಟಿ (ಕಾಯಿಲೆ ಇಲ್ಲದವರಲ್ಲಿ ನೆಗೆಟಿವ್ ಬಂದವರ ಪಾಲು) 770/880, ಅಂದರೆ ಶೇ. 87.5 ಇದ್ದದ್ದು 77/187ಕ್ಕೆ, ಅಂದರೆ ಸುಮಾರು ಶೇ. 41ಕ್ಕೆ ಕುಸಿಯುತ್ತದೆ. ಟೆಸ್ಟ್ ಬದಲಾಗಿಲ್ಲ, ಪರಿಶೀಲನೆಯ ರೀತಿಯಷ್ಟೇ ಬದಲಾದದ್ದು. ಎಲ್ಲರಿಗೂ ಬಯಾಪ್ಸಿ ಮಾಡುವುದು ಸರಿಯಲ್ಲದ ಕಡೆ ನೆಗೆಟಿವ್‌ಗಳಲ್ಲಿ ಹತ್ತರಲ್ಲೊಬ್ಬರನ್ನು ಚೀಟಿ ಎತ್ತಿದಂತೆ ಆರಿಸಿ, ಅವರಲ್ಲಿ ಸಿಕ್ಕ ಸಂಖ್ಯೆಗಳನ್ನು ಹತ್ತರಿಂದ ಗುಣಿಸುತ್ತೇನೆ. ವೈದ್ಯರಿಗೆ ಅನುಮಾನ ಬಂದವರನ್ನೇ ಆರಿಸಿದ್ದರೆ ಈ ಗುಣಾಕಾರ ನಡೆಯುವುದಿಲ್ಲ.

ಅಸ್ಪಷ್ಟ ಫಲಿತಾಂಶಗಳನ್ನು ಕಿತ್ತುಹಾಕುವುದಿಲ್ಲ. ಅವು ಎಷ್ಟಿದ್ದವು ಎಂದು ಬರೆದು, ಎಲ್ಲವನ್ನೂ ಪಾಸಿಟಿವ್ ಎಂದು ಒಮ್ಮೆ, ನೆಗೆಟಿವ್ ಎಂದು ಇನ್ನೊಮ್ಮೆ ಎಣಿಸಿ ಎರಡೂ ಉತ್ತರ ಕೊಡುತ್ತೇನೆ.

ಶೇಕಡಾವಾರನ್ನು ಒಂಟಿಯಾಗಿ ಬರೆಯುವುದೂ ಇಲ್ಲ. 20 ರೋಗಿಗಳಲ್ಲಿ 18 ಮಂದಿಯನ್ನು ಹಿಡಿದರೂ, 100ರಲ್ಲಿ 90 ಮಂದಿಯನ್ನು ಹಿಡಿದರೂ ಸೆನ್ಸಿಟಿವಿಟಿ ಶೇ. 90. ಆದರೆ ವಿಲ್ಸನ್ ಎಂಬ ಸಂಖ್ಯಾಶಾಸ್ತ್ರದ ವಿಧಾನದಲ್ಲಿ ಶೇ. 95ರ ವಿಶ್ವಾಸ ವ್ಯಾಪ್ತಿ (ನಿಜವಾದ ಸೆನ್ಸಿಟಿವಿಟಿ ಇರಬಹುದಾದ ಮಿತಿ) ಮೊದಲನೆಯದಕ್ಕೆ ಸುಮಾರು 70ರಿಂದ 97, ಎರಡನೆಯದಕ್ಕೆ ಸುಮಾರು 83ರಿಂದ 94. ಹತ್ತು ರೋಗಿಗಳಲ್ಲಿ ಮೂವರನ್ನು ಬಿಟ್ಟುಬಿಡುವ ಸಾಧ್ಯತೆ ಇರುವ ಟೆಸ್ಟನ್ನು ನೆಚ್ಚಿ ಯಾರನ್ನೂ ಮನೆಗೆ ಕಳಿಸಬಾರದು.

ಟೆಸ್ಟನ್ನು ಎಲ್ಲಿ ಬಳಸುತ್ತಾರೆ ಎಂದು ಕೇಳಿಯೇ ವರದಿ ಮುಗಿಸುತ್ತೇನೆ. ಸೆನ್ಸಿಟಿವಿಟಿ 90, ಸ್ಪೆಸಿಫಿಸಿಟಿ 95 ಇದ್ದರೂ ನೂರಕ್ಕೆ ಒಬ್ಬರಿಗೆ ಕಾಯಿಲೆ ಇರುವ ಕಡೆ 10,000 ಜನರಲ್ಲಿ 90 ನಿಜವಾದ ಪಾಸಿಟಿವ್, 495 ಸುಳ್ಳು ಪಾಸಿಟಿವ್. ನೂರಕ್ಕೆ 20 ಮಂದಿಗೆ ಕಾಯಿಲೆ ಇರುವ ವಾರ್ಡಿನಲ್ಲಿ ಅದೇ ಟೆಸ್ಟ್ 1800 ನಿಜಕ್ಕೆ 400 ಸುಳ್ಳು ಕೊಡುತ್ತದೆ. ಈ ಎರಡೂ ಲೆಕ್ಕಗಳನ್ನು ವರದಿಯ ಮೊದಲ ಪುಟದಲ್ಲೇ ಹಾಕುತ್ತೇನೆ.